ಆದಿಪುರಾಣದಲ್ಲಿ ಜಾತಿಸ್ಮರಣ

ಪಂಪನ ಆದಿಪುರಾಣವನ್ನು ಪಾಠ ಹೇಳತಕ್ಕವರು ಸಾಮಾನ್ಯವಾಗಿ ಎರಡು ಸ್ಥಳಗಳಲ್ಲಿ ನಿಲ್ಲುತ್ತಾರೆ: ನೀಲಾಂಜನೆಯ ನೃತ್ಯದಲ್ಲಿ ಒಮ್ಮೆ, ಭರತ ಬಾಹುಬಲಿಗಳ ಯುದ್ಧದಲ್ಲಿ ಇನ್ನೊಮ್ಮೆ. ಅವಕ್ಕೆ ಮುಂಚೆ ಬರುವ ಭವಾವಳಿಯನ್ನು ಮತಪುರಾಣದ ಕಟ್ಟುಪಾಡೆಂದು ಹೇಳಿ ದಾಟಿಬಿಡುವುದು ರೂಢಿಯಾಗಿದೆ. ಮಹಾಬಲನು ಲಲಿತಾಂಗನಾದನು, ಲಲಿತಾಂಗನು ವಜ್ರಜಂಘನಾದನು, ವಜ್ರಜಂಘನು ಭೋಗಭೂಮಿಯಲ್ಲಿ ಹುಟ್ಟಿದನು, ಆಮೇಲೆ ಶ್ರೀಧರದೇವ, ಸುವಿಧಿ, ಅಚ್ಯುತೇಂದ್ರ, ವಜ್ರನಾಭಿ, ಅಹಮಿಂದ್ರ, ಕಡೆಗೆ ವೃಷಭನಾಥ ಎಂದು ಶಾಸನದ ವಂಶಾವಳಿಯನ್ನು ಓದುವಂತೆ ಓದಿ ಮುಗಿಸುತ್ತಾರೆ. ಈ ರೂಢಿಯಿಂದ ಕಾವ್ಯಕ್ಕೆ ದೊಡ್ಡ ಅನ್ಯಾಯವಾಗುತ್ತಿದೆಯೆಂಬುದು ನನ್ನ ಮತ. ಭವಾವಳಿಯೊಳಗೆ ಸ್ಮೃತಿಯೆಂಬ ಒಂದು ಸೂತ್ರವುಂಟು. ಅದನ್ನು ಕೈಬಿಟ್ಟರೆ ಎಲ್ಲರೂ ಮೆಚ್ಚುವ ಆ ನೀಲಾಂಜನೆಯ ನೃತ್ಯವೇ ಅರ್ಧದಷ್ಟು ಮಾತ್ರ ತಿಳಿದೀತು.

ಕಲಬುರ್ಗಿ ಸೀಮೆಯವರಿಗೆ ಇದು ಮನೆಯ ಮಾತು. ನಾನಿರುವ ಮಹಾಗಾಂವದಿಂದ ನೈರುತ್ಯಕ್ಕೆ ಕಲಬುರ್ಗಿ. ಅಲ್ಲಿಂದ ಆಗ್ನೇಯಕ್ಕೆ ಸೇಡಂ ದಾರಿಯಲ್ಲಿ, ಕಾಗಿಣಾ ನದಿಯ ದಡದಲ್ಲಿ, ಮಳಖೇಡ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಿದೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನು (ಕ್ರಿ. ಶ. ೮೧೪–೮೭೮) ಜಿನಸೇನಾಚಾರ್ಯರ ಪಾದಗಳಿಗೆ ಎರಗಿ ತನ್ನನ್ನು ಪವಿತ್ರನೆಂದು ಭಾವಿಸಿದನೆಂದು ಆಚಾರ್ಯರ ಶಿಷ್ಯರಾದ ಗುಣಭದ್ರರು ಉತ್ತರಪುರಾಣದ ಪ್ರಶಸ್ತಿಯಲ್ಲಿ ಹೇಳಿದ್ದಾರೆ. ಆ ಜಿನಸೇನರ ಸಂಸ್ಕೃತ ಆದಿಪುರಾಣವೇ ಪಂಪನ ಕಾವ್ಯಕ್ಕೆ ಮೂಲ. ಆಚಾರ್ಯರು ನಲವತ್ತೆರಡು ಪರ್ವಗಳನ್ನೂ ನಲವತ್ತಮೂರನೆಯದರಲ್ಲಿ ಮೂರು ಶ್ಲೋಕಗಳನ್ನೂ ಬರೆದು ಕಾಲವಶರಾದರು. ಉಳಿದುದನ್ನು ಗುಣಭದ್ರರು ನಲವತ್ತೇಳನೆಯ ಪರ್ವದವರೆಗೆ ತುಂಬಿದರು. ಸುಮಾರು ಒಂದು ಶತಮಾನ ಕಳೆದ ಮೇಲೆ, ಕ್ರಿ. ಶ. ೯೪೧ರಲ್ಲಿ, ರಾಷ್ಟ್ರಕೂಟರಿಗೆ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಪಂಪನು ಅದನ್ನೇ ಹದಿನಾರು ಆಶ್ವಾಸಗಳ ಕನ್ನಡ ಚಂಪುವಾಗಿ ರಚಿಸಿದನು.

ಮೊದಲು ಕಥೆಯ ಭಾಗವನ್ನು ಸ್ಮರಿಸೋಣ. ವಿದ್ಯಾಧರರಾಜನಾದ ಮಹಾಬಲನು ಆಯುಸ್ಸು ಒಂದು ತಿಂಗಳು ಮಾತ್ರ ಉಳಿದಿದೆಯೆಂದು ತಿಳಿದು, ಸ್ವಯಂಬುದ್ಧನೆಂಬ ಮಂತ್ರಿಯ ಉಪದೇಶದಿಂದ ಸಲ್ಲೇಖನವನ್ನು ಕೈಕೊಂಡು, ಈಶಾನಕಲ್ಪದಲ್ಲಿ ಲಲಿತಾಂಗದೇವನಾಗಿ ಹುಟ್ಟುತ್ತಾನೆ. ಅಲ್ಲಿ ಅವನ ನಲ್ಲೆ ಸ್ವಯಂಪ್ರಭೆ. ದೇವತೆಗಳಿಗೂ ಮರಣವುಂಟಷ್ಟೆ, ಅವನ ಕೊರಳ ಮಾಲೆ ಬಾಡುತ್ತದೆ, ಅವನು ಜಾರುತ್ತಾನೆ. ಅವಳೂ ಆರು ತಿಂಗಳ ಮೇಲೆ ಅದೇ ದಾರಿ ಹಿಡಿಯುತ್ತಾಳೆ. ಅವನು ಉತ್ಪಲಖೇಟದಲ್ಲಿ ವಜ್ರಜಂಘನಾಗಿಯೂ, ಅವಳು ಪುಂಡರೀಕಿಣಿಯಲ್ಲಿ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿಯಾಗಿಯೂ ಹುಟ್ಟುತ್ತಾರೆ. ಒಬ್ಬರ ಇರವು ಇನ್ನೊಬ್ಬರಿಗೆ ತಿಳಿಯದು. ಒಂದು ದಿನ ಯಶೋಧರ ಮುನಿಗೆ ಕೇವಲಜ್ಞಾನವಾದ ಸಂದರ್ಭದಲ್ಲಿ ಪೂಜೆಗೆಂದು ದೇವತೆಗಳು ಆಕಾಶದಲ್ಲಿ ಇಳಿದುಬರುವುದನ್ನು ಶ್ರೀಮತಿ ಕಾಣುತ್ತಾಳೆ. ಕಂಡೊಡನೆ ಲಲಿತಾಂಗನ ನೆನಪಾಗಿ ಮೂರ್ಛೆಹೋಗುತ್ತಾಳೆ. ಎಚ್ಚತ್ತ ಮೇಲೆ ಮಾತಿಲ್ಲ. ಕಡೆಗೆ ಪಂಡಿತೆಯೆಂಬ ದಾದಿ ಏಕಾಂತದಲ್ಲಿ ಕೇಳಿದಾಗ ಹಿಂದಿನದನ್ನೆಲ್ಲ ಹೇಳಿ, ಅದನ್ನು ಒಂದು ಪಟದಲ್ಲಿ ಬರೆದುಕೊಡುತ್ತಾಳೆ. ಪಂಡಿತೆ ಅದನ್ನು ಜಿನಾಲಯದಲ್ಲಿ ಹರಡಿ ಕುಳಿತುಕೊಳ್ಳುತ್ತಾಳೆ. ಬಂದವರು ನೋಡುತ್ತಾರೆ, ಹೋಗುತ್ತಾರೆ. ವಜ್ರಜಂಘನು ಬಂದು ನೋಡಿ, ತಾನೂ ಮೂರ್ಛೆಹೋಗಿ, ತಿಳಿದೆದ್ದು, ಚಿತ್ರದಲ್ಲಿ ಇದ್ದುದನ್ನೂ ಇಲ್ಲದುದನ್ನೂ ಹೇಳುತ್ತಾನೆ.

ಈ ಪಟದ ವಿಷಯದಲ್ಲಿ ಜಿನಸೇನರು ಮಾಡಿರುವ ಒಂದು ಏರ್ಪಾಡನ್ನು ಸಹೃದಯರು ಲಕ್ಷ್ಯವಿಟ್ಟು ನೋಡಬೇಕು. ಶ್ರೀಮತಿಯು ತನ್ನ ಪೂರ್ವಭವವನ್ನು ಪೂರ್ತಿಯಾಗಿ ಬರೆಯಲಿಲ್ಲ. ಕೆಲವನ್ನು ಬರೆದಳು, ಕೆಲವನ್ನು ಬೇಕೆಂದೇ ಗೂಢವಾಗಿರಿಸಿದಳು. ತಾನೇ ಆ ಪೂರ್ವಪತಿಯೆಂದು ಸುಳ್ಳಾಡಿ ಬರುವವರು ಸಿಕ್ಕಿಬೀಳಲೆಂದು ಈ ಉಪಾಯ. ಹಾಗೆಯೇ ವಾಸವ, ದುರ್ದಾಂತ ಎಂಬಿಬ್ಬರು ಬಂದು ನೆನಪಾದವರಂತೆ ನಟಿಸಿ, ಗೂಢವನ್ನು ಕೇಳಿದಾಗ ಉತ್ತರ ತೋರದೆ ನಾಚಿ ಹಿಂದಿರುಗುತ್ತಾರೆ.

ಇಲ್ಲಿ ಕಾಳಿದಾಸನ ಶಾಕುಂತಲದ ಆರನೆಯ ಅಂಕವು ಯಾರಿಗಾದರೂ ನೆನಪಿಗೆ ಬರದಿರದು. ಉಂಗುರವನ್ನು ಕಂಡು ನೆನಪು ಮರಳಿದ ದುಷ್ಯಂತನು ಶಕುಂತಲೆಯ ಚಿತ್ರವನ್ನು ಬರೆದು ಮುಂದಿಟ್ಟುಕೊಂಡಿದ್ದಾನೆ. ಆ ಚಿತ್ರವೂ ಅಪೂರ್ಣವೇ. ಮಾಲಿನೀನದಿ, ಅದರ ಮಳಲಿನ ಹಂಸಗಳು, ಹಿಮವಂತನ ತಪ್ಪಲಿನ ಜಿಂಕೆಗಳು ಇನ್ನೂ ಬರೆಯಬೇಕಾಗಿವೆ. ಆದರೆ ಎರಡು ಅಪೂರ್ಣತೆಗಳಿಗೂ ಎಷ್ಟು ಅಂತರ! ದುಷ್ಯಂತನ ಪಟವು ಅವನ ಸಮಾಧಾನಕ್ಕಾಗಿ. ಅಲ್ಲಿ ಉಳಿದಿರುವುದು ಬಯಕೆ. ಶ್ರೀಮತಿಯ ಪಟವು ಇನ್ನೊಬ್ಬನನ್ನು ಹುಡುಕುವುದಕ್ಕಾಗಿ. ಅಲ್ಲಿ ಉಳಿದಿರುವುದು ಪ್ರಶ್ನೆ. ಕಾಳಿದಾಸನಲ್ಲಿ ಚಿತ್ರವು ಸ್ಮೃತಿಯ ಫಲ, ಜಿನಸೇನರಲ್ಲಿ ಅದು ಸ್ಮೃತಿಯ ಪರೀಕ್ಷೆ. ಕವಿತ್ವದಲ್ಲಿ ಯಾರು ಮೇಲೆಂಬ ವಾದ ನಮಗೆ ಬೇಕಿಲ್ಲ. ಪರೀಕ್ಷೆಯ ಕಲ್ಪನೆ ಎಲ್ಲಿಂದ ಬಂದಿತೆಂಬುದು ಮಾತ್ರ ವಿಚಾರಾರ್ಹ.

ನನ್ನಂತೆ ತರ್ಕಸಂಗ್ರಹದಿಂದ ಶಾಸ್ತ್ರವ್ಯಾಸಂಗವನ್ನು ಆರಂಭಿಸಿದವರಿಗೆ ಸ್ಮೃತಿಯ ಲಕ್ಷಣವು ಬಾಯಿಪಾಠವಾಗಿರುತ್ತದೆ. ಸಂಸ್ಕಾರದಿಂದ ಮಾತ್ರವೇ ಹುಟ್ಟುವ ಜ್ಞಾನ ಸ್ಮೃತಿ. ಅದು ನೈಯಾಯಿಕರ ಲೆಕ್ಕದಲ್ಲಿ ಪ್ರಮೆಯಲ್ಲ. ಏಕೆಂದರೆ ಯಥಾರ್ಥವಾದ ಅನುಭವಕ್ಕೆ ಮಾತ್ರ ಪ್ರಮೆಯೆಂದು ಹೆಸರು. ಸ್ಮೃತಿಯು ಅನುಭವದ ಅನುಚರ. ಮೀಮಾಂಸಕರೂ, ಮೊದಲೇ ತಿಳಿದುದನ್ನು ಮತ್ತೆ ತಿಳಿಸುವುದು ಪ್ರಮಾಣವಾಗಲಾರದೆಂದು ಅದನ್ನು ಹೊರಗಿಡುತ್ತಾರೆ. ಜೈನ ತಾರ್ಕಿಕರು ಮಾತ್ರ ಇಲ್ಲಿ ಬೇರೆಯಾಗಿ ನಿಲ್ಲುತ್ತಾರೆ. ತತ್ತ್ವಾರ್ಥಸೂತ್ರವು ಸ್ಮೃತಿಯನ್ನು ಮತಿಜ್ಞಾನದ ಪರ್ಯಾಯಗಳಲ್ಲಿ ಎಣಿಸಿತು. ಅಕಲಂಕದೇವರು ಅದಕ್ಕೆ ಪ್ರಮಾಣಪದವಿಯನ್ನು ಸಾಧಿಸಿಕೊಟ್ಟರು. ಅವರನ್ನು ಅನುಸರಿಸಿದ ಮಾಣಿಕ್ಯನಂದಿಯ ಪರೀಕ್ಷಾಮುಖದಲ್ಲಿ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂದು ಪರೋಕ್ಷಪ್ರಮಾಣವು ಐದು ಬಗೆಯಾಗಿದೆ. ಅವರ ಯುಕ್ತಿ ಸರಳವಾದುದು: ಸ್ಮೃತಿಯನ್ನು ನಂಬದಿದ್ದರೆ ವ್ಯಾಪ್ತಿಯನ್ನು ನೆನೆಯುವುದೆಂತು, ವ್ಯಾಪ್ತಿಯನ್ನು ನೆನೆಯದೆ ಹೊಗೆಯಿಂದ ಬೆಂಕಿಯನ್ನು ಊಹಿಸುವುದೆಂತು? ನೈಯಾಯಿಕರಿಗೆ ಇದಕ್ಕೆ ಉತ್ತರವಿಲ್ಲವೆಂದಲ್ಲ. ಆ ಚರ್ಚೆಗೆ ಇದು ಸ್ಥಳವಲ್ಲ.

ಜಿನಸೇನರು ಆದಿಪುರಾಣದ ಮೊದಲಲ್ಲಿ ಭಟ್ಟಾಕಲಂಕರನ್ನು ಗೌರವದಿಂದ ನೆನೆದಿದ್ದಾರೆಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ನೆನಪಿಗೆ ಪ್ರಾಮಾಣ್ಯವುಂಟೆಂದು ಒಪ್ಪಿದ ಪರಂಪರೆಯಲ್ಲಿ ಮಾತ್ರ ನೆನಪು ನಿಜವೋ ಸುಳ್ಳೋ ಎಂಬ ಪರೀಕ್ಷೆಗೆ ಇಷ್ಟು ಬೆಲೆ ಬರಬಲ್ಲದು. ಪಟವನ್ನು ಹರಡಿ ಕುಳಿತ ಪಂಡಿತೆ, ಹೆಸರಿಗೆ ತಕ್ಕಂತೆ, ಒಬ್ಬ ಪ್ರಮಾಣಪರೀಕ್ಷಕಿ. ಆಕಾಶದ ದೇವತೆಗಳನ್ನು ಕಂಡು ಶ್ರೀಮತಿಯಲ್ಲಿ ಹುಟ್ಟಿದುದು 'ಅದು' ಎಂಬ ಸ್ಮೃತಿ. ಪಟದ ಮುಂದೆ ವಜ್ರಜಂಘನಲ್ಲಿ ಹುಟ್ಟಿದುದು 'ಇದೇ ಅದು' ಎಂಬ ಪ್ರತ್ಯಭಿಜ್ಞಾನ. ಮೊದಲನೆಯದು ಒಬ್ಬಳ ಮನಸ್ಸಿನಲ್ಲಿ ಅಡಗಿ ಮೌನವಾಗುತ್ತದೆ. ಎರಡನೆಯದು ಇಬ್ಬರ ನಡುವೆ ಮಾತಾಗುತ್ತದೆ.

ಇಲ್ಲಿ ಒಂದು ಶಂಕೆ. ಶ್ರೀಮತಿಯ ತಂದೆ ವಜ್ರದಂತನಿಗೆ ಅದೇ ಸಂದರ್ಭದಲ್ಲಿ ಅವಧಿಜ್ಞಾನ ಉಂಟಾಗುತ್ತದೆ. ಅವನು ಮಗಳಿಗೆ ಪೂರ್ವಭವಗಳನ್ನೆಲ್ಲ ಹೇಳಿ, ವರನು ಬರುವನೆಂದು ಸಂತೈಸುತ್ತಾನೆ. ಹಾಗಾದರೆ ಪಟವೇಕೆ, ದಾದಿಯೇಕೆ? ಚಕ್ರವರ್ತಿಯ ಒಂದು ಮಾತೇ ಸಾಲದೆ? ಕಥೆಯಲ್ಲಿ ಇದು ಪುನರುಕ್ತಿಯೆಂದು ಕೆಲವರು ಭಾವಿಸುವುದು ಸಹಜ. ಆದರೆ ಸಿದ್ಧಾಂತವನ್ನು ಬಲ್ಲ ಕವಿಯು ಎರಡು ಜ್ಞಾನಗಳನ್ನು ಪಕ್ಕಪಕ್ಕದಲ್ಲಿ ಇಟ್ಟುದು ಸುಮ್ಮನೆ ಅಲ್ಲ. ಅವಧಿಯು ಇಂದ್ರಿಯಗಳ ಹಂಗಿಲ್ಲದೆ ದೂರದ ವಸ್ತುವನ್ನು ಕಾಣುತ್ತದೆ. ಕಂಡವನಿಗೆ ಅದರಿಂದ ಮೂರ್ಛೆ ಬರುವುದಿಲ್ಲ. ಜಾತಿಸ್ಮರಣವು ಮತಿಜ್ಞಾನದ ಜಾತಿ, ಸಂಸ್ಕಾರದಿಂದ ಹುಟ್ಟಿದುದು. ಅದು ಬಂದಾಗ ಹಿಂದಿನ ನೋವು ನಲಿವುಗಳನ್ನು ಕೂಡಿಕೊಂಡೇ ಬರುತ್ತದೆ. ತಂದೆಯು ಮಗಳ ಕಥೆಯನ್ನು ಬಲ್ಲನು, ಮಗಳು ಅದನ್ನು ನೆನೆಯುತ್ತಾಳೆ. ಬಲ್ಲವನು ಸಮಾಧಾನ ಹೇಳಬಲ್ಲ, ಚಿತ್ರ ಬರೆಯಲಾರ. ಕಾವ್ಯಕ್ಕೆ ಬೇಕಾದುದು ಎರಡನೆಯ ಜ್ಞಾನವೆಂದು ಜಿನಸೇನರು ಅರಿತಿದ್ದರು. ಪಂಪನಂತೂ ಅದರಲ್ಲಿಯೇ ಮುಳುಗಿದನು.

ಆಲಂಕಾರಿಕರ ಸ್ಮೃತಿಗೂ ಇದಕ್ಕೂ ಭೇದವುಂಟು. ಭರತಮುನಿಯ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸ್ಮೃತಿ ಒಂದು. ಬಂದು ಹೋಗುವುದು ಅದರ ಸ್ವಭಾವ. ಬಾಣನ ಕಾದಂಬರಿಯಲ್ಲಿ ಜನ್ಮಾಂತರಸ್ಮೃತಿಯು ಕಥೆಗೆ ಬೀಗದ ಕೈಯಾಗಿದೆ. ಗಿಳಿಗೆ ಜಾಬಾಲಿಯ ಮಾತಿನಿಂದ ನೆನಪಾಗುತ್ತದೆ, ಶೂದ್ರಕನಿಗೆ ಕಟ್ಟಕಡೆಯಲ್ಲಿ ನೆನಪಾಗುತ್ತದೆ, ಕಥೆ ಮುಗಿಯುತ್ತದೆ. ಅದನ್ನು ಕನ್ನಡಿಸಿದ ನಾಗವರ್ಮನಲ್ಲಿಯೂ ಹೀಗೆಯೇ. ಆದಿಪುರಾಣದಲ್ಲಿ ನೆನಪು ಕಥೆಯನ್ನು ಮುಗಿಸುವುದಿಲ್ಲ, ನಡೆಸುತ್ತದೆ. ವ್ಯಭಿಚಾರಿಯಾಗಿ ಬಂದ ಸ್ಮೃತಿ ಇಲ್ಲಿ ಸ್ಥಾಯಿಗೆ ಬೇರಾಗಿ ನಿಲ್ಲುತ್ತದೆ. ರಸಾಸ್ವಾದಕ್ಕೆ ಜನ್ಮಾಂತರದ ವಾಸನೆಯೇ ಕಾರಣವೆಂದು ಕಾಶ್ಮೀರದ ರಸಮೀಮಾಂಸಕರು ಹೇಳಿದುದನ್ನು ಇಲ್ಲಿ ಕವಿಗಳು ಕಥಾವಸ್ತುವನ್ನಾಗಿ ಮಾಡಿಕೊಂಡಿದ್ದಾರೆ.

ಈ ಪ್ರಸಂಗವನ್ನು ಬಿಡುವ ಮುನ್ನ ಜಿನಸೇನರ ಇನ್ನೊಂದು ಕೃತಿಯನ್ನು ಹೆಸರಿಸದಿರಲಾರೆ. ಪಾರ್ಶ್ವಾಭ್ಯುದಯದಲ್ಲಿ ಅವರು ಮೇಘದೂತದ ಪಾದಗಳನ್ನೆಲ್ಲ ತಮ್ಮ ಶ್ಲೋಕಗಳೊಳಗೆ ಹೊಸೆದು, ಭವಾಂತರದಿಂದ ಕಮಠನು ಹೊತ್ತುಬಂದ ದ್ವೇಷದ ಕಥೆಯನ್ನು ಹೇಳಿದ್ದಾರೆ. ಕಾಳಿದಾಸನ ಯಕ್ಷನಿಗೆ ನೆನಪೆಂದರೆ ವಿರಹ. ಇಲ್ಲಿಯ ಯಕ್ಷನಿಗೆ ನೆನಪೆಂದರೆ ಹಗೆ. ಅದೇ ಮಾತುಗಳು, ಬೇರೆ ನೆನಪು. ಸಮಸ್ಯಾಪೂರಣದ ಚಮತ್ಕಾರವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಒಂದು ಕಾವ್ಯವು ಇನ್ನೊಂದು ಕಾವ್ಯವನ್ನು ನೆನೆಯುವ ಬಗೆ ಇದು ಎಂದು ಓದಿದರೆ ಆಚಾರ್ಯರ ಮನಸ್ಸು ಎತ್ತ ಹರಿಯುತ್ತಿತ್ತೆಂಬುದು ತಿಳಿಯುತ್ತದೆ.

ಇನ್ನು ಪಂಪ. ಜಿನಸೇನರು ಜಯಧವಲಾ ಟೀಕೆಯನ್ನು ಶಕ ೭೫೯ರಲ್ಲಿ ಮುಗಿಸಿದ ಸಿದ್ಧಾಂತಿಗಳು. ಅವರ ಕಥೆ ಉದ್ದಕ್ಕೂ ಶಾಸ್ತ್ರೋಪದೇಶಕ್ಕಾಗಿ ನಿಲ್ಲುತ್ತದೆ. ಪಂಪನು ನಿಲ್ಲುವುದು ಬೇರೆ ಕಡೆ. ಲಲಿತಾಂಗನ ಮಾಲೆ ಬಾಡಿದಾಗ, ಶ್ರೀಮತಿ ಎಚ್ಚತ್ತಾಗ, ದಂಪತಿಗಳು ಮಲಗುವ ಮನೆಯಲ್ಲಿ ಸುಗಂಧಧೂಪದ ಹೊಗೆ ತುಂಬಿ ಒಬ್ಬರನ್ನೊಬ್ಬರು ಅಪ್ಪಿಕೊಂಡೇ ಪ್ರಾಣಬಿಟ್ಟಾಗ. ಭೋಗಕ್ಕೆಂದು ಹಾಕಿದ ಹೊಗೆಯೇ ಮೃತ್ಯುವಾದ ಆ ಸನ್ನಿವೇಶವನ್ನು ಓದುವಾಗ ವೈರಾಗ್ಯೋಪದೇಶವೆಂದು ಯಾರೂ ಬೇರೆ ಹೇಳಿಕೊಡಬೇಕಾಗಿಲ್ಲ. ಆದರೆ ನನಗೆ ತೋರುವುದು ಇಷ್ಟು: ಮೊದಲ ಅಗಲಿಕೆಯಲ್ಲಿ ಅವರು ಒಬ್ಬರಾದ ಮೇಲೆ ಒಬ್ಬರು ಸತ್ತರು, ಆದುದರಿಂದ ಹುಡುಕಬೇಕಾಯಿತು. ಎರಡನೆಯ ಸಲ ಒಟ್ಟಿಗೆ ಸತ್ತರು. ಭೋಗಭೂಮಿಯಲ್ಲಿ ಒಟ್ಟಿಗೆ ಹುಟ್ಟಿದರು. ಅಲ್ಲಿಯೂ ನೆನಪು ಅವರನ್ನು ಬಿಡುವುದಿಲ್ಲ. ಜಿನಸೇನರ ಪ್ರಕಾರ ಒಬ್ಬ ದೇವನ ವಿಮಾನವನ್ನು ಕಂಡು ಇಬ್ಬರಿಗೂ ಜಾತಿಸ್ಮರಣವಾಗುತ್ತದೆ. ಅಷ್ಟರಲ್ಲಿ ಬಂದ ಚಾರಣಮುನಿಯು, ಹಿಂದೆ ಮಹಾಬಲನಿಗೆ ಮಂತ್ರಿಯಾಗಿದ್ದ ಸ್ವಯಂಬುದ್ಧನೇ ತಾನೆಂದು ಹೇಳಿ ಸಮ್ಯಕ್ತ್ವವನ್ನು ಬೋಧಿಸುತ್ತಾನೆ. ಗುರುವೂ ಭವಗಳನ್ನು ದಾಟಿ ಶಿಷ್ಯನನ್ನು ಹುಡುಕಿಕೊಂಡು ಬಂದನು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನೀಲಾಂಜನೆಯ ನೃತ್ಯಕ್ಕೆ ಬರಬೇಕು. ಆಯುಸ್ಸು ತೀರಿದ ನರ್ತಕಿಯು ಕುಣಿಯುತ್ತಿರುವಾಗಲೇ ಮಿಂಚಿನಂತೆ ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಯಲ್ಲಿ ಯಾರಿಗೂ ತಿಳಿಯದು. ವೃಷಭನಾಥನೊಬ್ಬನಿಗೆ ತಿಳಿಯುತ್ತದೆ. ಸಂಸಾರ ಅನಿತ್ಯವೆಂಬ ಅರಿವು ಅವನಿಗೆ ಆಯಿತೆಂದು ನಾವು ವಿವರಿಸುತ್ತೇವೆ; ಸರಿಯೇ. ಆದರೆ ಸಾವನ್ನು ಕಂಡು ವೈರಾಗ್ಯ ಬರುವುದಕ್ಕೆ ಪ್ರತಿನರ್ತಕಿಯೇಕೆ ಬೇಕು? ನೀಲಾಂಜನೆ ಸತ್ತು ಬಿದ್ದಿದ್ದರೆ ಸಭೆಯೆಲ್ಲ ಕಾಣುತ್ತಿತ್ತಲ್ಲ.

ಪ್ರತ್ಯಭಿಜ್ಞಾನದ ವಿಚಾರವನ್ನು ಇಲ್ಲಿಗೆ ತಂದರೆ ಸನ್ನಿವೇಶವು ಬೆಳಗುತ್ತದೆ. ಪರೀಕ್ಷಾಮುಖವು ಪ್ರತ್ಯಭಿಜ್ಞಾನದಲ್ಲಿ 'ಅದೇ ಇದು', 'ಅದರಂತೆ ಇದು', 'ಅದಕ್ಕಿಂತ ಬೇರೆ ಇದು' ಮುಂತಾದ ಭೇದಗಳನ್ನು ಹೇಳುತ್ತದೆ. ಒಂದನ್ನು ಇನ್ನೊಂದಾಗಿ ತಿಳಿದರೆ ಅದು ಆಭಾಸ. ಕತ್ತರಿಸಿದ ಮೇಲೆ ಮತ್ತೆ ಬೆಳೆದ ಉಗುರು ಕೂದಲುಗಳನ್ನು ನೋಡಿ 'ಅವೇ ಇವು' ಎನ್ನುವುದು ಶಾಸ್ತ್ರಕಾರರ ಪ್ರಸಿದ್ಧ ದೃಷ್ಟಾಂತ. ಸಭೆಯವರೆಲ್ಲರೂ ಮಾಡಿದುದು ಇದನ್ನೇ. ಅವರು 'ಅದರಂತೆ ಇದು' ಎಂಬುದನ್ನು 'ಅದೇ ಇದು' ಎಂದುಕೊಂಡರು. ವೃಷಭನಾಥನು 'ಅದಲ್ಲ ಇದು' ಎಂದು ಅರಿತನು. ಪಟದ ಮುಂದೆ ನಿಂತು, ರೂಪ ಬದಲಾಗಿ ಹೆಸರು ಬದಲಾಗಿದ್ದರೂ 'ಅದೇ ಇದು' ಎಂದು ಗುರುತಿಸಿದ ಜೀವವೇ, ಈಗ ರೂಪ ಬದಲಾಗದೆ ಹೆಜ್ಜೆ ಬದಲಾಗದೆ ಇದ್ದರೂ 'ಅದಲ್ಲ' ಎಂದು ಗುರುತಿಸುತ್ತಿದೆ. ಅಂದು ವಾಸವ ದುರ್ದಾಂತರು ಸುಳ್ಳುನೆನಪಿನಿಂದ ದಾದಿಯನ್ನು ಮೋಸಗೊಳಿಸಲಾರದೆ ಹೋದರು. ಇಂದು ಇಂದ್ರನು ಸುಳ್ಳುಗುರುತಿನಿಂದ ವೃಷಭನನ್ನು ಮೋಸಗೊಳಿಸಲಾರದೆ ಹೋದನು. ವಾಸ್ತವವಾಗಿ ಇಂದ್ರನ ಉದ್ದೇಶವೇ ಸ್ವಾಮಿಗೆ ವೈರಾಗ್ಯ ಹುಟ್ಟಿಸುವುದಾಗಿತ್ತೆಂದು ಪುರಾಣವು ಹೇಳುವುದರಿಂದ, ಮೋಸವೂ ಪರೀಕ್ಷೆಯೇ ಆಗಿತ್ತೆನ್ನಬಹುದು. ಭವಾವಳಿಯನ್ನು ಬಿಟ್ಟು ನೃತ್ಯವನ್ನು ಮಾತ್ರ ಓದಿದವರಿಗೆ ಈ ಜೋಡಣೆ ಕಾಣುವುದೇ ಇಲ್ಲ.

ಇದನ್ನು ಕವಿಯು ಬುದ್ಧಿಪೂರ್ವಕವಾಗಿ ಮಾಡಿದನೋ ಇಲ್ಲವೋ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ. ಸೂತ್ರವು ಮೂಲದಲ್ಲಿದೆ, ಕನ್ನಡದಲ್ಲಿಯೂ ಇದೆ. ಪಂಪನು ಕಥಾಕ್ರಮವನ್ನು ಎಲ್ಲಿಯೂ ಮುರಿದಿಲ್ಲ. ಅವನ ಮನೋಧರ್ಮವೂ ಇದಕ್ಕೆ ಅನುಕೂಲವಾದುದೇ. ಲೌಕಿಕವನ್ನು ಬೆಳಗಲೆಂದು ಬರೆದ ವಿಕ್ರಮಾರ್ಜುನವಿಜಯದಲ್ಲಿ ಅವನು ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡನು. ಗೊಜ್ಜಿಗನನ್ನು ಕೆಡವಿ ಬದ್ದೆಗನಿಗೆ ರಾಜ್ಯ ಕೊಡಿಸಿದ ಮಾನ್ಯಖೇಟದ ಸಮೀಪಕಾಲದ ವೃತ್ತಾಂತವನ್ನು ಭಾರತಕಥೆಯೊಳಗೆ ತಂದಿಟ್ಟನು. ಅರ್ಜುನನನ್ನು ಬನವಾಸಿಗೆ ಕರೆದೊಯ್ದು ತನ್ನ ನಾಡಿನ ಹಂಬಲವನ್ನು ಅಲ್ಲಿ ಸುರಿದನು. ಪುರಾಣದ ವ್ಯಕ್ತಿಯಲ್ಲಿ ಕಣ್ಣಮುಂದಿನ ವ್ಯಕ್ತಿಯನ್ನು ಗುರುತಿಸುವುದು ಪಂಪನಿಗೆ ಅಭ್ಯಾಸವಾಗಿದ್ದಿತು. ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಮನೆತನದ ವಿವರಗಳನ್ನು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳ ಶಾಸನದಲ್ಲಿ ಕೊರೆಯಿಸಿದ್ದಾನೆ. ನೆನಪನ್ನು ಉಳಿಸಬೇಕೆಂಬ ಹಟ ಆ ಮನೆಯಲ್ಲೇ ಇದ್ದಂತೆ ಕಾಣುತ್ತದೆ.

ಸೂತ್ರದ ಕೊನೆಯ ಗಂಟು ಹಸ್ತಿನಾಪುರದಲ್ಲಿದೆ. ಅಲ್ಲಿಯವರೆಗೆ ನಾವು ವಜ್ರಜಂಘನ ಜೀವವನ್ನು ಮಾತ್ರ ಹಿಂಬಾಲಿಸುತ್ತೇವೆ. ಶ್ರೀಮತಿ ಏನಾದಳೆಂದು ಕೇಳುವುದನ್ನು ಮರೆಯುತ್ತೇವೆ. ಅವಳ ಜೀವವೂ ಕೇಶವ, ಧನದೇವ ಮೊದಲಾದ ಭವಗಳಲ್ಲಿ ಜೊತೆಯಲ್ಲಿಯೇ ಬಂದು, ಸೋಮಪ್ರಭರಾಜನ ತಮ್ಮ ಶ್ರೇಯಾಂಸನಾಗಿ ಹುಟ್ಟಿದೆ. ದೀಕ್ಷೆಗೊಂಡು ಆರು ತಿಂಗಳ ಯೋಗವನ್ನು ಮುಗಿಸಿದ ವೃಷಭಮುನಿ ಭಿಕ್ಷೆಗೆ ಹೊರಟಿದ್ದಾನೆ. ಮುನಿಗೆ ಆಹಾರವನ್ನು ಹೇಗೆ ಕೊಡಬೇಕೆಂಬುದೇ ಆ ಕಾಲದ ಜನರಿಗೆ ತಿಳಿಯದು, ಏಕೆಂದರೆ ಅವನೇ ಮೊದಲ ಮುನಿ. ಆನೆ ತರುತ್ತಾರೆ, ಕುದುರೆ ತರುತ್ತಾರೆ, ಕನ್ಯೆಯರನ್ನು ತರುತ್ತಾರೆ; ಅನ್ನ ಕೊಡುವವರಿಲ್ಲ. ಶ್ರೇಯಾಂಸನು ಅವನನ್ನು ಕಂಡೊಡನೆ ಜಾತಿಸ್ಮರನಾಗುತ್ತಾನೆ. ತಾನು ಶ್ರೀಮತಿಯಾಗಿ, ಇವನು ವಜ್ರಜಂಘನಾಗಿ, ಕಾಡಿನಲ್ಲಿ ಇಬ್ಬರು ಚಾರಣಮುನಿಗಳಿಗೆ ಆಹಾರವಿತ್ತುದು ಅವನಿಗೆ ನೆನಪಾಗುತ್ತದೆ. ಆ ವಿಧಿಯನ್ನು ನೆನೆದು ಕಬ್ಬಿನ ಹಾಲನ್ನು ಅವನ ಅಂಗೈಗೆ ಎರೆಯುತ್ತಾನೆ.

ಅಂದು ಆಕಾಶವನ್ನು ನೋಡಿ ನೆನಪಾದುದು ನಲ್ಲ. ಇಂದು ಅದೇ ನಲ್ಲನ ಮುಖವನ್ನು ನೋಡಿ ನೆನಪಾದುದು ಒಟ್ಟಿಗೆ ಮಾಡಿದ ದಾನ. ಶ್ರೀಮತಿಗೆ ಬಂದ ಮೂರ್ಛೆ ಶ್ರೇಯಾಂಸನಿಗೆ ಬೇಕಾಗಲಿಲ್ಲ. ಪಟವೂ ಬೇಕಾಗಲಿಲ್ಲ. ಎದುರಿನವನಿಗೆ ಅದನ್ನು ಹೇಳಬೇಕೆಂಬ ಆತುರವೂ ಇಲ್ಲ. ಮಹಾಪ್ರೇಮದ ಸ್ಮೃತಿಯೊಂದು ಕಾಮವನ್ನೆಲ್ಲ ಕಳೆದುಕೊಂಡು, ಹಸಿದವನಿಗೆ ಉಣಿಸುವ ಬಗೆ ಯಾವುದೆಂಬ ತಿಳಿವಳಿಕೆಯಾಗಿ ಉಳಿದಿದೆ. ಜೈನರು ಇಂದಿಗೂ ಅಕ್ಷಯತೃತೀಯೆಯಂದು ಕಬ್ಬಿನ ರಸದೊಡನೆ ನೆನೆಯುವುದು ಈ ದಾನವನ್ನೇ.

ಅಧ್ಯಾಪಕರಲ್ಲಿ ನನ್ನದೊಂದು ಸೂಚನೆ. ಆದಿಪುರಾಣವನ್ನು ಪೂರ್ತಿಯಾಗಿ ಓದಿಸಲು ಕಾಲಾವಕಾಶವಿಲ್ಲದ ಕಡೆ ಶ್ರೀಮತಿಯ ಪಟ, ನೀಲಾಂಜನೆಯ ನೃತ್ಯ, ಶ್ರೇಯಾಂಸನ ದಾನ ಈ ಮೂರನ್ನಾದರೂ ಇದೇ ಕ್ರಮದಲ್ಲಿ ಒಟ್ಟಿಗೆ ಓದಿಸಬೇಕು. ಸಾಧ್ಯವಾದಲ್ಲಿ ಜಿನಸೇನರ ಆರನೆಯ ಪರ್ವದ ಪಾಠವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಪುನರ್ಜನ್ಮದಲ್ಲಿ ನಂಬಿಕೆಯಿಲ್ಲದ ವಿದ್ಯಾರ್ಥಿಗಳು ಈಗ ಬಹಳ. ಸತ್ತ ಮೇಲೆ ನೆನಪೆಲ್ಲಿ ಎಂದು ಅವರು ಕೇಳುತ್ತಾರೆ. ಕೇಳಲಿ. ಪಟದಲ್ಲಿ ಬರೆಯದೆ ಬಿಟ್ಟುದು ಯಾವುದು, ಬಿಟ್ಟುದೇಕೆ ಎಂದು ಅವರನ್ನು ತಿರುಗಿ ಕೇಳಿದರೆ ಪಾಠ ತಾನಾಗಿ ನಡೆಯುತ್ತದೆ.